ಚನ್ನುವಿನ ಗಾಡಿ, ಚನ್ನುವಿನ ಜವಳ

ನ್ಯಾಮತಿ
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಪ್ರವೀಣನಿಗೆ,

ನಿನ್ನ ಅಕ್ಕ ವಾಣಿಶ್ರೀಯ ಆಶೀರ್ವಾದ. ನಿನಗೂ, ನಿನ್ನ ಹೆಂಡತಿ ವನಜಾಕ್ಷಿಗೂ. ಅವಳು ನಿನಗೆ ಹೇಳದೆ ನನ್ನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ ಅನ್ನುವುದನ್ನು ಮೊದಲ ಸಾಲಿನಲ್ಲೇ ಒಪ್ಪಿಸಿಬಿಟ್ಟೆ. ಅವಳ ಮೇಲೆ ಸಿಟ್ಟಾಗಬೇಡ. ಮನೆಗಳು ಮುರಿಯದೆ ಉಳಿದಿದ್ದರೆ ಇಂಥ ಹೆಣ್ಣುಮಕ್ಕಳ ಕಳ್ಳಮಾತುಗಳಿಂದಲೇ ಉಳಿದಿರುತ್ತವೆ.

ಕಾಗದ ಬರೆಯಲು ಇಷ್ಟು ವರ್ಷ ತಡ ಮಾಡಿದೆ, ಕ್ಷಮಿಸು. ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಜಗಳೂರಿನ ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡಲು ನಿನಗೆ ಬರುವುದಿಲ್ಲ ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಪಟ್ಟ ಇದ್ದರೆ ಬೈಯಬೇಡ. 

‘ಇತ್ತ ನಾವೆಲ್ಲರೂ ಕ್ಷೇಮ’ ಅಂತಲೇ ಕಾಗದ ಶುರುವಾಗಬೇಕು ಅಂತ ಅಪ್ಪ ಕಲಿಸಿದ್ದರಲ್ಲ, ಆ ಸಾಲು ಬರೆಯಲು ಹೋಗಿ ಒಂದು ಹಾಳೆ ಹರಿದು ಹಾಕಿದೆ. ಆದ್ದರಿಂದ ನೇರವಾಗಿ ಹೇಳುತ್ತೇನೆ. ಆಯುಧಪೂಜೆಯ ದಿನ ಚನ್ನುವಿಗೆ ದೊಡ್ಡ ಪೆಟ್ಟಾಯಿತು. ಜೀವಕ್ಕೆ ಏನೂ ಆಗಿಲ್ಲ, ಹೆದರಬೇಡ. ತಲೆಗೆ ಹೊಲಿಗೆ ಬಿದ್ದಿದೆ, ಕತ್ತಿಗೆ ಪಟ್ಟಿ ಹಾಕಿದ್ದಾರೆ. ಶಿವಮೊಗ್ಗದ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದಿದ್ದೇವೆ. ಊಟ ಮಾಡುತ್ತಾನೆ, ಟಿವಿ ಮುಂದೆ ಕೂರುತ್ತಾನೆ. ಈಗ ಹೇಗಾಯಿತು ಅಂತ ಕೇಳು. ಯಾರಿಗಾದರೂ ಹೇಳದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ. ನಿನಗೇ ಹೇಳಬೇಕು, ಯಾಕೆಂದರೆ ಇದರಲ್ಲಿ ನೀನೂ ಇದ್ದೀಯ.

ಹಳೆಯದನ್ನು ಒಂದು ಸಲ ನನ್ನ ಬಾಯಿಂದಲೂ ಕೇಳಿಬಿಡು. ನೀನು ವನಜಾಕ್ಷಿಯನ್ನು ಮದುವೆಯಾದಾಗ ನಾನು ತುಂಬಿದ ಬಸುರಿ. ಜಾತಿ ಬೇರೆ ಅಂತ ಬಸವಾಪಟ್ಟಣದಲ್ಲಿ ಅಪ್ಪ ಅವ್ವ ಮೊದಲು ಮುಖ ತಿರುಗಿಸಿದರು, ಆಮೇಲೆ ಕರಗಿದರು. ನಮ್ಮತ್ತೆ ಶಂಕರಮ್ಮ ಕರಗುವ ಪೈಕಿ ಅಲ್ಲ. ಚನ್ನುವಿಗೆ ವರ್ಷ ತುಂಬಿತು, ಜವಳ ತೆಗೆಸಬೇಕು, ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕತ್ತರಿ ಹಾಕಬೇಕು ಅಂತ ನಿನಗೆ ಫೋನ್ ಮಾಡಿದವರೂ ಅವರೇ, “ನೀನೊಬ್ಬನೇ ಬಾರಪ್ಪ, ಆಕೀನ ಕರ್ಕಂಡ್ ಬರಬ್ಯಾಡ” ಅಂದವರೂ ಅವರೇ. ನೀನು “ನನ್ನ ಹೆಂಡ್ತಿಗೆ ಮಣೆ ಹಾಕದಿರೋ ಮನೇಲಿ ನನ್ನ ತೊಡೆ ಯಾಕ್ರಿ ಬೇಕು?” ಅಂದು ಫೋನ್ ಇಟ್ಟೆ. ನಾನು ಪಕ್ಕದಲ್ಲೇ ನಿಂತಿದ್ದೆ. ನೀನು ಹೇಳಿದ್ದು ಸರಿ ಅಂತ ಅವತ್ತೇ ಅನ್ನಿಸಿತ್ತು. ಆದರೆ ಅವರ ಮೇಲಿನ ಸಿಟ್ಟಿಗೆ ನನ್ನ ನಂಬರ್ ಯಾಕೆ ಬ್ಲಾಕ್ ಮಾಡಿದೆ ಮಾರಾಯ?

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ. ಚನ್ನುವಿನ ಜವಳ ಬೇರೆ ಯಾರದೋ ತೊಡೆಯ ಮೇಲೆ ಮುಗಿದುಹೋಗಿದೆ ಅಂತ ನೀನು ತಿಳಿದಿದ್ದೀಯಂತೆ, ವನಜಾಕ್ಷಿ ಹೇಳಿದ್ದಳು. ಮುಗಿದಿರಲಿಲ್ಲ ಕಣೋ. ಸೋದರಮಾವ ಕೂರಿಸಿಕೊಳ್ಳದ ತಲೆಗೆ ಕತ್ತರಿ ಸೋಕಬಾರದು ಅಂತ ಅತ್ತೆಯ ಹಟ. ಆ ಸೋದರಮಾವನ ಹೆಂಡತಿ ಹೊಸಿಲು ದಾಟಬಾರದು ಅಂತಲೂ ಅವರದೇ ಹಟ. ಹೆಂಡತಿಯನ್ನು ಬಿಟ್ಟು ಬರುವುದಿಲ್ಲ ಅಂತ ನಿನ್ನ ಹಟ. ಇನ್ನು ನನ್ನದು? ಮಗನ ಕೂದಲು ತೋರಿಸಿ ತಮ್ಮನನ್ನು ಕರೆಸಿಕೊಂಡಳು ಅಂತ ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ನಿನಗೆ ಹೇಳಬೇಡಿ ಅಂತ ಅಪ್ಪ ಅವ್ವನಿಗೂ ಆಣೆ ಹಾಕಿದ್ದೆ. ವನಜಾಕ್ಷಿ ಫೋಟೊ ಕೇಳಿದಾಗಲೆಲ್ಲ ಟೋಪಿ ಹಾಕಿಸಿ ತೆಗೆದದ್ದನ್ನೇ ಕಳಿಸುತ್ತಿದ್ದೆ. ‘ಅಳಿಯನಿಗೆ ಟೋಪಿ ಅಂದ್ರೆ ಬಾಳ ಇಷ್ಟ ಅನ್ನಿ’ ಅಂತ ಅವಳು ನಗುತ್ತಿದ್ದಳು. ಹೀಗೆ ಎಲ್ಲರ ಹಟವೂ ಸೇರಿಕೊಂಡು ನನ್ನ ಮಗನ ತಲೆಯ ಮೇಲೆ ಬೆಳೆಯಿತು. ಒಂದನೇ ಕ್ಲಾಸಿಗೆ ಹೋಗುವ ಹೊತ್ತಿಗೆ ಬಿಚ್ಚಿ ಬಿಟ್ಟರೆ ಸೊಂಟ ಮುಟ್ಟುತ್ತಿತ್ತು. ಅತ್ತೆಯ ಎಣ್ಣೆಯ ಆರೈಕೆ ಬೇರೆ. ಮದುವೆಯ ಹೆಣ್ಣಿಗೂ ಅಂಥ ಕೂದಲಿರಲಿಕ್ಕಿಲ್ಲ.

ಶಾಲೆಯಲ್ಲಿ ಹುಡುಗರು ಅವನನ್ನು ‘ಚನ್ನಕ್ಕ’ ಅಂತ ಕರೆಯುತ್ತಿದ್ದರು. ಜಡೆ ಎಳೆಯುತ್ತಿದ್ದರು. ಒಂದು ದಿನವೂ ಅತ್ತುಕೊಂಡು ಬರಲಿಲ್ಲ ಅವನು. “ನಮ್ಮ ಮಾವ ಬಂದು ಕಟ್ ಮಾಡ್ತಾರೆ. ನಮ್ಮ ಮಾವ ಎಷ್ಟೆತ್ರ ಹತ್ತುತಾರೆ ಗೊತ್ತಾ? ಗಾಳಿ ಫ್ಯಾನ್ ಮೇಲೆ!” ಅಂತ ಎದೆಯುಬ್ಬಿಸಿ ಹೇಳುತ್ತಿದ್ದನಂತೆ. ನೀನು ಜಗಳೂರಿನ ಗುಡ್ಡದ ಮೇಲೆ ಗಾಳಿಯಂತ್ರ ರಿಪೇರಿ ಮಾಡುವವನು ಅಂತ ನಾನೇ ಹೇಳಿದ್ದೆ. ಅವನ ಬಾಯಲ್ಲಿ ನೀನು ‘ಫ್ಯಾನ್ ಮಾವ’. ಮುಖ ನೋಡಿಲ್ಲ, ಧ್ವನಿ ಕೇಳಿಲ್ಲ, ಆದರೂ ನಮ್ಮ ಮನೆಯಲ್ಲಿ ನಿನ್ನಷ್ಟು ದೊಡ್ಡ ಮನುಷ್ಯ ಇನ್ನೊಬ್ಬನಿಲ್ಲ.

ಆದರೆ ಮಗು ಎಷ್ಟು ಅಂತ ತಡೆದೀತು? ಕಳೆದ ಬೇಸಿಗೆಯಿಂದ ಬೀದಿಗೆ ಆಡಲು ಹೋಗುವುದನ್ನೇ ಬಿಟ್ಟ. ಮೂಲೆಯಲ್ಲಿ ಮೊಬೈಲ್ ಹಿಡಿದು ಗೋ ಕಾರ್ಟ್ ರೇಸ್ ನೋಡುವುದೇ ಕೆಲಸ. ನೆಲಕ್ಕೆ ಅಂಟಿಕೊಂಡ ಹಾಗೆ ಓಡುವ ಸಣ್ಣ ಗಾಡಿಗಳು, ಈಗ ಮಕ್ಕಳಿಗೆ ಅಂತ ಬ್ಯಾಟರಿಯವೂ ಬಂದಿವೆ. ನಿನ್ನ ಭಾವ ಪ್ರದೀಪ್‌ಗೆ ಮಗನ ಸಂಕಟ ನೋಡಲಾಗಲಿಲ್ಲ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವರಲ್ಲವೇ, ಅವರಿಗೆ ಎಲ್ಲ ರೋಗಕ್ಕೂ ಮದ್ದು ಚಕ್ರದಲ್ಲೇ ಕಾಣುವುದು. “ಬೀದಿ ಹುಡುಗ್ರು ಅವ್ನ ಜಡೆ ಬಿಟ್ಟು ಗಾಡಿ ನೋಡಂಗೆ ಮಾಡಾಣ ವಾಣಿ” ಅಂದರು. ನನಗೂ ಸರಿ ಅನ್ನಿಸಿತು. ಕೂದಲು ಕತ್ತರಿಸುವುದು ಬಿಟ್ಟು ಬೇರೆಲ್ಲ ಉಪಾಯವೂ ನಮಗೆ ಹೊಳೆಯುತ್ತಿತ್ತು ನೋಡು.

ಹೊನ್ನಾಳಿಯಲ್ಲಿ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಗಾಡಿ ತೋರಿಸಿ, “ಅಕ್ಕಾರೆ, ಮೂವತ್ತೈದರ ಸ್ಪೀಡ್ ಹೋಗ್ತೈತೆ ರೀ!” ಅಂತ ಹೆಮ್ಮೆಯಿಂದ ಹೇಳಿದ. ನನ್ನ ಸ್ಕೂಟಿಯನ್ನು ನಾನೇ ಅಷ್ಟು ಓಡಿಸುವುದಿಲ್ಲ. ಬ್ರೇಕ್ ಎಲ್ಲಪ್ಪ ಅಂದೆ. “ಕಾಲು ತೆಗೆದ್ರೆ ನಿಲ್ತೈತೆ” ಅಂದ. ಗಾಬರಿಯಲ್ಲಿ ಮಗು ಕಾಲು ತೆಗೆಯಲಿಲ್ಲ ಅಂದರೆ? “ಗೋಡೆ ಇರ್ತೈತಲ್ರಿ!” ಚಪ್ಪಲಿಯ ಕಡೆ ನನ್ನ ಕೈ ಹೋಗಿತ್ತು, ನಿನ್ನ ಭಾವ ನನ್ನನ್ನು ಹೊರಗೆ ಕರೆದುಕೊಂಡು ಬಂದರು. ಚನ್ನಗಿರಿಯಲ್ಲಿ ಇನ್ನೊಂದು ನೋಡಿದೆವು. ಅದರ ಬೆಲ್ಟು ಲಂಗದ ಲಾಡಿಯ ಹಾಗಿತ್ತು. ಬ್ಯಾಟರಿಯ ಮೇಲೆ ಕೈಯಿಟ್ಟರೆ ಆಗ ತಾನೇ ಇಳಿಸಿದ ಹಂಚಿನ ಬಿಸಿ. ಎರಡು ಕಡೆಯಿಂದಲೂ ಬರಿಗೈಯಲ್ಲಿ ಬಂದೆವು. ಚನ್ನು ಬಸ್ಸಿನಲ್ಲಿ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದ, ಸೂಳೆಕೆರೆ ತೋರಿಸಿದರೂ ತಿರುಗಿ ನೋಡಲಿಲ್ಲ.

ಆಗ ನನಗೆ ನೀನು ನೆನಪಾದೆ. ಅಷ್ಟೆತ್ತರ ಹತ್ತಿ ಇಳಿಯುವವನಿಗೆ ಬೆಲ್ಟು ಬ್ರೇಕಿನ ವಿಷಯ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ? ವನಜಾಕ್ಷಿಗೆ ಫೋನ್ ಮಾಡಿ, ಗಂಡನನ್ನು ಕೇಳು, ಆದರೆ ಯಾರಿಗೆ ಅಂತ ಹೇಳಬೇಡ ಅಂದೆ. ಅವಳು ‘ನಮಗೆ ಬೇಕಾದ ಒಬ್ಬ ಅಕ್ಕನ ಮಗುವಿಗೆ’ ಅಂತ ಕೇಳಿದ್ದು ನಿನಗೆ ನೆನಪಿರಬಹುದು. ಆ ಅಕ್ಕ ನಾನೇ ಕಣೋ.

ನೀನು ಎಷ್ಟು ಚೆನ್ನಾಗಿ ಹೇಳಿ ಕಳಿಸಿದ್ದೆ! ಗಾಡಿ ತಗ್ಗಾಗಿ ಅಗಲವಾಗಿರಲಿ, ಪಲ್ಟಿ ಆಗುವುದಿಲ್ಲ. ವೇಗಕ್ಕೆ ಬೀಗ ಇರಲಿ, ಅದರ ಕೀಲಿ ದೊಡ್ಡವರ ಹತ್ತಿರ ಇರಲಿ. ದೂರದಿಂದಲೇ ನಿಲ್ಲಿಸುವ ರಿಮೋಟ್ ಇಲ್ಲದಿದ್ದರೆ ಬೇಡವೇ ಬೇಡ. ಭುಜದ ಮೇಲಿಂದ ಬರುವ ಬೆಲ್ಟು ಇರಲಿ. ಬ್ಯಾಟರಿಗೆ ಮುಚ್ಚಿದ ಪೆಟ್ಟಿಗೆ, ಚೈನಿಗೆ ಕವರ್. ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಬಿಗಿಯಾಗಿರಲಿ. ಮೈಮೇಲೆ ಜೋತಾಡುವ ಬಟ್ಟೆ ಯಾವುದೂ ಬೇಡ. ವನಜಾಕ್ಷಿ ಒಂದೊಂದೇ ಹೇಳುತ್ತಿದ್ದರೆ ನನ್ನ ಕಣ್ಣು ತುಂಬಿ ಬಂತು. ನೀನು ನನ್ನ ಮಗನಿಗಾಗಿಯೇ ಹೇಳುತ್ತಿದ್ದೀಯ ಅಂದುಕೊಂಡೆ. ಕೊನೆಗೆ ನೀನು ಅವಳನ್ನು ಇನ್ನೊಂದು ಮಾತು ಕೇಳಿದ್ದೆ. ಅದನ್ನು ಆಮೇಲೆ ಬರೆಯುತ್ತೇನೆ, ಈಗ ಕೈಗೆ ಆಗುವುದಿಲ್ಲ.

ನೀನು ಹೇಳಿದ್ದೆಲ್ಲ ಇದ್ದ ಗಾಡಿಯನ್ನೇ ಹುಡುಕಿ ಆನ್‌ಲೈನಿನಲ್ಲಿ ತರಿಸಿದೆವು. ಹಬ್ಬದ ಹಿಂದಿನ ದಿನ ಬಂತು. ನಿನ್ನ ಭಾವ ನಡುಮನೆಯಲ್ಲಿ ಕೂತು ಜೋಡಿಸಿದರು. ಅದರ ಜೊತೆ ಒಂದು ಚಿತ್ರದ ಹಾಳೆ ಬಂದಿತ್ತು, ಏನೇನು ಮಾಡಬಾರದು ಅಂತ ಕೆಂಪು ಗೀಟು ಎಳೆದ ಚಿತ್ರಗಳು. ಒಂದೊಂದರ ಮೇಲೂ ಬೆರಳಿಟ್ಟು ಚನ್ನುವಿಗೆ ಓದಿ ಹೇಳಿದರು. ನೀರಿನಲ್ಲಿ ಓಡಿಸಬಾರದು. ಇಳಿಜಾರಿನಲ್ಲಿ ಓಡಿಸಬಾರದು. ಒಂದೇ ಸೀಟಿನಲ್ಲಿ ಇಬ್ಬರು ಕೂರಬಾರದು. ಆಮೇಲೊಂದು ಚಿತ್ರ: ಒಬ್ಬ ಹುಡುಗಿ ಕೂತಿದ್ದಾಳೆ, ಉದ್ದ ಕೂದಲು ಸೀಟಿನ ಹಿಂದೆ ಹಾರುತ್ತಿದೆ, ಅದರ ಮೇಲೆ ಕೆಂಪು ಗೀಟು. ನಿನ್ನ ಭಾವ “ಇದು ಹೆಣ್ಮಕ್ಳಿಗೆ” ಅಂದು ಹಾಳೆ ತಿರುವಿ ಹಾಕಿದರು.

ಪ್ರವೀಣ, ಆ ಹೊತ್ತಿನಲ್ಲಿ ಚನ್ನು ನನ್ನ ಮುಂದೆ ಕೂತಿದ್ದ. ನಾನು ಅವನ ಜಡೆ ಬಿಚ್ಚಿ ಸಿಕ್ಕು ಬಿಡಿಸುತ್ತಿದ್ದೆ. ಬಾಚಣಿಗೆ ನನ್ನ ಕೈಯಲ್ಲೇ ಇತ್ತು. ಆ ಚಿತ್ರವನ್ನು ನಾನೂ ನೋಡಿದೆ. ಹೌದು, ಹೆಣ್ಣುಮಕ್ಕಳಿಗೆ, ನಮ್ಮದು ಗಂಡು ಹುಡುಗ ಅಂದುಕೊಂಡು ಸುಮ್ಮನೆ ಬಾಚುತ್ತಲೇ ಇದ್ದೆ. ಆ ಮನೆಯಲ್ಲಿ ಕಣ್ಣಿದ್ದವರು ಯಾರೂ ಇರಲಿಲ್ಲವೇನೋ ಅಂತ ಈಗ ಅನ್ನಿಸುತ್ತದೆ. ಕೂತಲ್ಲಿ, ನಿಂತಲ್ಲಿ ಆ ಚಿತ್ರವೇ ಎದುರಿಗೆ ಬರುತ್ತದೆ.

ಮರುದಿನ ಆಯುಧಪೂಜೆ. ಬೆಳಿಗ್ಗೆ ಎಲ್ಲರಿಗೂ ಎಣ್ಣೆ ನೀರು. ಚನ್ನುವಿನ ಕೂದಲು ಒದ್ದೆ ಇತ್ತು, ಕಟ್ಟಿದರೆ ಶೀತ ಆಗುತ್ತದೆ ಅಂತ ಅತ್ತೆ ಬಿಸಿಲಿಗೆ ಹರಡಿ ಬಿಟ್ಟಿದ್ದರು. ಮನೆಯ ಕುಡುಗೋಲು, ಕತ್ತರಿ, ಈಳಿಗೆ ಮಣೆ, ಅಂಗಡಿಯಲ್ಲಿ ನಟ್ಟು ಬಿಚ್ಚುವ ಪಾನ, ಎಲ್ಲವನ್ನೂ ತೊಳೆದು ವಿಭೂತಿ ಕುಂಕುಮ ಹಚ್ಚಿ ದೇವರ ಮುಂದೆ ಜೋಡಿಸಿದ್ದೆವು. ಪೂಜೆಗಿಟ್ಟ ಆಯುಧವನ್ನು ಆ ದಿನ ಯಾರೂ ಮುಟ್ಟುವ ಹಾಗಿಲ್ಲ. ಅತ್ತೆ ಅದರಲ್ಲಿ ಎಷ್ಟು ಕಟ್ಟುನಿಟ್ಟು ಅಂದರೆ ಹಬ್ಬದಡುಗೆಯ ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಸಿ ಇಟ್ಟಿದ್ದರು.

ಹೊಸ ಗಾಡಿಗೂ ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಪಕ್ಕದ ಬೈಲಪ್ಪನವರ ಅಡಿಕೆ ಒಣಗಿಸುವ ಸಿಮೆಂಟಿನ ಕಣ ಹಬ್ಬಕ್ಕೆ ಅಂತ ಖಾಲಿ ಇತ್ತು. ತಟ್ಟೆಯ ಹಾಗೆ ಸಮತಟ್ಟು, ಕಲ್ಲಿಲ್ಲ, ಇಳಿಜಾರಿಲ್ಲ. ಚನ್ನು ಹೊಸ ಅಂಗಿಯ ಮೇಲೆ ಶಲ್ಯ ಹೊದ್ದು ಬಂದ. ಅತ್ತೆಯೇ ಅದನ್ನು ತೆಗೆದರು. “ಮೈಮ್ಯಾಲೆ ಜೋತಾಡೋದು ಏನೂ ಇರಬಾರ್ದು ಅಂತ ಯಾರೋ ತಿಳಿದೋರು ಹೇಳ್ಯಾರಂತಲ್ಲ” ಅಂದರು. ಆ ತಿಳಿದವನು ನೀನೇ ಅಂತ ಅವರಿಗೇನು ಗೊತ್ತು? ಶಲ್ಯವನ್ನು ಅವನ ಹೆಗಲಿನಿಂದ ಎಳೆಯುವಾಗ ಅದರಡಿ ಸಿಕ್ಕಿದ್ದ ಕೂದಲನ್ನು ಬಿಡಿಸಿ ಬೆನ್ನ ಮೇಲೆ ನೀಟಾಗಿ ಹರಡಿದವರೂ ಅವರೇ. ನಿನ್ನ ಭಾವ ಬೆಲ್ಟು ಬಿಗಿದರು, ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡಿದರು, ರಿಮೋಟ್ ಕೈಯಲ್ಲಿ ಹಿಡಿದರು. ವೇಗದ ಬೀಗ ಹಾಕಿದೆಯೇ ಅಂತ ನಾನೇ ನೋಡಿದೆ.

ಬೀದಿಯ ಹುಡುಗರೆಲ್ಲ ಕಣದ ಸುತ್ತ ಸೇರಿದ್ದರು. ಅವರಲ್ಲೊಬ್ಬ “ಲೇ ಚನ್ನು, ನಂಗೂ ಒಂದು ರೌಂಡ್ ಕೊಡಲೇ!” ಅಂದ. ಚನ್ನಕ್ಕ ಅಲ್ಲ, ಚನ್ನು! ಅವನು ತಿರುಗಿ ನನ್ನ ಮುಖ ನೋಡಿದ. ಆ ನಗು ಹೇಗಿತ್ತು ಅಂತ ಬರೆಯಲು ನನಗೆ ಬರುವುದಿಲ್ಲ. ನಿಂಬೆಹಣ್ಣು ಚಟ್ಟಂತ ಒಡೆದು ಗಾಡಿ ಹೊರಟಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಕಣದ ಆ ತುದಿಯಲ್ಲಿ ತಿರುಗಿಸಿಕೊಂಡು ನಮ್ಮ ಕಡೆ ಬರುತ್ತಿದ್ದ. ಅವನ ತಲೆ ನಿಧಾನಕ್ಕೆ ಹಿಂದಕ್ಕೆ ಬಾಗಿತು. ಆಕಾಶ ನೋಡುತ್ತಿದ್ದಾನೆ, ಹುಡುಗು ಸ್ಟೈಲು ಅಂದುಕೊಂಡು ನಾನು ನಕ್ಕೆ. ನಕ್ಕೆ ಕಣೋ! ಆಮೇಲೆ ಕಿರುಚಿದ. ಆ ಕಿರುಚಾಟ ಅರ್ಧಕ್ಕೇ ನಿಂತುಹೋಯಿತು. ಹೆಲ್ಮೆಟ್ಟಿನ ಕೆಳಗಿನಿಂದ ಹಾರುತ್ತಿದ್ದ ಕೂದಲು ಸೀಟಿನ ಹಿಂದೆ ಇಳಿದು, ಹಿಂದಿನ ಎರಡು ಚಕ್ರಗಳ ನಡುವೆ ತಿರುಗುವ ಕಬ್ಬಿಣದ ಸರಳಿಗೆ ಸುತ್ತಿಕೊಂಡಿತ್ತು. ಚೈನಿಗೆ ಕವರ್ ಇತ್ತು. ಆ ಸರಳಿಗೆ ಇರಲಿಲ್ಲ.

ನಿನ್ನ ಭಾವ ರಿಮೋಟ್ ಒತ್ತಿದರು, ಗಾಡಿ ನಿಂತಿತು. ನೀನು ಹೇಳಿದ ರಿಮೋಟೇ ಅವನ ಜೀವ ಉಳಿಸಿದ್ದು, ಅದನ್ನು ನೂರು ಸಲ ಹೇಳುತ್ತೇನೆ. ಆದರೆ ತಲೆ ಸೀಟಿನ ಹಿಂಬದಿಗೆ ಕಚ್ಚಿಕೊಂಡುಬಿಟ್ಟಿತ್ತು. ಬೆಲ್ಟು ಎದೆಯನ್ನು ಮುಂದಕ್ಕೆ ಬಿಡುತ್ತಿಲ್ಲ, ಹೆಲ್ಮೆಟ್ಟಿನ ಪಟ್ಟಿ ಗಂಟಲಿಗೆ ಒತ್ತಿಕೊಂಡಿದೆ. ನಾವು ಅಷ್ಟು ಹುಡುಕಿ ತಂದ ಕಾಪಾಡುವ ಸಾಮಾನೆಲ್ಲ ಸೇರಿ ನನ್ನ ಮಗುವನ್ನು ಅಲ್ಲಾಡದ ಹಾಗೆ ಹಿಡಿದುಕೊಂಡಿದ್ದವು. ಮುಖ ಕಪ್ಪಿಡುತ್ತಿತ್ತು. ಚಕ್ರ ಹಿಂದಕ್ಕೆ ತಿರುಗಿಸಲು ಹೋದರೆ ಕೂದಲು ಇನ್ನೂ ಬಿಗಿಯುತ್ತಿತ್ತು. ನನ್ನ ಬೆರಳಿಗೆ ಆ ಪಟ್ಟಿಯ ಗುಂಡಿ ಸಿಗುತ್ತಲೇ ಇರಲಿಲ್ಲ.

“ಕತ್ರಿ ತರ್ರೀ!” ಅಂತ ನಿನ್ನ ಭಾವ ಕೂಗಿದರು. ಬೈಲಪ್ಪನವರು ನಮ್ಮ ಬಾಗಿಲವರೆಗೂ ಓಡಿ ಹೊಸಿಲಲ್ಲೇ ನಿಂತುಬಿಟ್ಟರು. “ಅಯ್ಯೋ, ಎಲ್ಲಾ ಪೂಜೆಗಿಟ್ಟೈತಲ್ಲಮ್ಮ, ಹೆಂಗೆ ಮುಟ್ಟಾದು?” ಅವರ ತಪ್ಪಲ್ಲ. ಬೇರೆ ಮನೆಯ ದೇವರ ಮುಂದಿನ ಆಯುಧ, ಅಂಥ ದಿನ, ಯಾರಿಗಾದರೂ ಕೈ ಹಿಂಜರಿಯುತ್ತದೆ.

ಅವರನ್ನು ತಳ್ಳಿಕೊಂಡು ಒಳಗೆ ಹೋದವರು ಅತ್ತೆ. ಮಂಡಿನೋವು ಅಂತ ಗೋಡೆ ಹಿಡಿದು ನಡೆಯುವ ಹೆಂಗಸು ಓಡಿದರು. ಕುಂಕುಮ ಹಚ್ಚಿದ ಕುಡುಗೋಲನ್ನು, ಅದ‌ಕ್ಕೆ ಸಿಕ್ಕಿಸಿದ್ದ ಹೂವು ಸಮೇತ ಎತ್ತಿಕೊಂಡು ಬಂದರು. ಗಾಡಿಯ ಹಿಂದೆ ಮೊಣಕಾಲೂರಿ, ಕೂದಲನ್ನು ಮುಷ್ಟಿಯಲ್ಲಿ ಹಿಡಿದು, ಹುಲ್ಲು ಕೊಯ್ದ ಹಾಗೆ ಕೊಯ್ದರು. ಇಷ್ಟು ವರ್ಷ ಆ ತಲೆಗೆ ಉಗುರು ಕತ್ತರಿಸುವ ಕತ್ತರಿಯನ್ನೂ ಸೋಕಗೊಡದವರು!  ಆಮೇಲೆ ಕಣದ ನಡುವೆ ಕೂತು, ಆ ಕೂದಲನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು, ಗಂಡಸರು ಅಳುವ ಹಾಗೆ ದೊಡ್ಡ ದನಿಯಲ್ಲಿ ಅತ್ತರು.

ಹಿಂದಲೆಯ ಚರ್ಮ ಒಂದು ಕಡೆ ಕೂದಲಿನ ಜೊತೆಗೇ ಕಿತ್ತು ಬಂದಿತ್ತು. ಶಿವಮೊಗ್ಗ ತಲುಪುವವರೆಗೆ ಅವನ ತಲೆಯನ್ನು ನನ್ನ ಮಡಿಲಲ್ಲಿ ಹೇಗೆ ಹಿಡಿದುಕೊಂಡಿದ್ದೆನೋ, ದಾರಿ ಯಾವುದಿತ್ತೋ, ಒಂದೂ ನೆನಪಿಲ್ಲ. ಡಾಕ್ಟರು ಹೊಲಿಗೆ ಹಾಕಿ ಹೊರಗೆ ಬಂದು, “ಗಂಡು ಹುಡುಗನಿಗೆ ಅಷ್ಟು ಕೂದಲು ಯಾಕಮ್ಮ ಬಿಟ್ಟಿದ್ರಿ?” ಅಂತ ಕೇಳಿದರು.  ಅತ್ತೆ ಹೇಳಿದರು: “ಅವ್ನ ಸೋದರಮಾವ ಬಂದಿರ್ಲಿಲ್ಲ ಡಾಕ್ಟ್ರೇ.” ಆಮೇಲೆ, “ನಾನೇ ಬರಗೊಡ್ಲಿಲ್ಲ” ಅಂದರು.

ಈಗ ಆ ಮಾತು ಬರೆಯುತ್ತೇನೆ. ಗಾಡಿಯ ವಿಷಯವೆಲ್ಲ ಹೇಳಿ ಮುಗಿಸಿದ ಮೇಲೆ ನೀನು ವನಜಾಕ್ಷಿಯನ್ನು “ಮಗು ಹುಡುಗನಾ, ಹುಡುಗೀನಾ?” ಅಂತ ಕೇಳಿದ್ದೆ. ಅವಳು ಹುಡುಗ ಅಂದಳು. “ಹಂಗಾರೆ ಬಿಡು. ಹುಡುಗಿ ಆಗಿದ್ರೆ ಇನ್ನೊಂದು ಮಾತು ಹೇಳಾದಿತ್ತು” ಅಂದಿದ್ದೆ. ಅವಳು ಅದನ್ನು ನನಗೆ ಹೇಳಿದಾಗ, ‘ನೋಡು, ನಿನ್ನ ಗಂಡನಿಗೆ ಹೆಣ್ಣುಮಕ್ಕಳು ಅಂದರೆ ಎಷ್ಟು ಕಾಳಜಿ’ ಅಂತ ನಾವಿಬ್ಬರೂ ನಕ್ಕಿದ್ದೆವು. ಆ ಇನ್ನೊಂದು ಮಾತು ಏನು ಅಂತ ಇಬ್ಬರೂ ಕೇಳಲಿಲ್ಲ. ಈಗ ನನಗೆ ಗೊತ್ತು. ಆ ಮಾತು ನಿನ್ನ ನಾಲಿಗೆಯ ತುದಿಯವರೆಗೂ ಬಂದು, ನನ್ನ ಮಗನ ಟೋಪಿಯಿಲ್ಲದ ಒಂದು ಫೋಟೊ ನೀವಿಬ್ಬರೂ ನೋಡಿಲ್ಲದ್ದಕ್ಕೆ ಅಲ್ಲೇ ನಿಂತುಹೋಯಿತು.

ನಿನ್ನನ್ನು ದೂರುತ್ತಿದ್ದೇನೆ ಅಂತ ತಿಳಿಯಬೇಡ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಚೆನ್ನಾಗಿಯೇ ಇದ್ದೆವು, ಉಳಿದವರೆಲ್ಲ ಸೇರಿ ಕೂಸನ್ನು ಬಡವ ಮಾಡಿದೆವು. ವನಜಾಕ್ಷಿಗೆ ಹೇಳು, ಹಬ್ಬದಿಂದ ಅವಳ ಫೋನ್ ಎತ್ತಿಲ್ಲ. ಎತ್ತಿದರೆ ಅಳು ಬರುತ್ತದೆ, ಅಳುವವಳ ಹತ್ತಿರ ಅವಳು ಏನು ತಿಳಿದುಕೊಂಡಾಳು? ಬಸವಾಪಟ್ಟಣದಿಂದ ಅವ್ವ ಮಾಡಿದ ಫೋನನ್ನೂ ಎತ್ತಿಲ್ಲ, ಇಬ್ಬರೂ ಗಾಬರಿಯಾಗಿರುತ್ತಾರೆ. ಅವ್ವನಿಗೆ ಇನ್ನೂ ಹೇಳಿಲ್ಲ.

ಗಾಡಿ ಹಿತ್ತಿಲಲ್ಲಿ ಗೋಣಿಚೀಲ ಹೊದ್ದು ನಿಂತಿದೆ. ಗುಜರಿಗೆ ಹಾಕುತ್ತೇನೆ ಅಂತ ನಿನ್ನ ಭಾವ. ನೀನು ಒಂದು ಸಲ ನೋಡುವವರೆಗೆ ಇರಲಿ ಅಂತ ನಾನು. ಯಾಕೆ ಹಾಗಂದೆ ಅಂತ ನನಗೇ ತಿಳಿಯದು.

ನಿನ್ನೆ ಅತ್ತೆ ನನ್ನ ಪಕ್ಕ ಬಂದು ಕೂತು, “ಇಬ್ರೂ ಬರ್ಲಿ ಅಂತ ಬರಿಯವ್ವ. ಮೊದ್ಲು ಆಕೆಗೇ ಮಣೆ ಹಾಕ್ತೀನಿ ಅಂತ ಬರಿ” ಅಂದರು. ಅವರ ಮಾತು ಬರೆದಿದ್ದೇನೆ. ನನ್ನ ಪಾಲಿನದು ಏನು ಬರೆಯಲಿ? ಈ ಕರೆ ಮೊದಲೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಸಿಟ್ಟು ಬರುತ್ತದೆ. ಅವರ ಮುಖ ನೋಡಿದರೆ ಸಿಟ್ಟೂ ನಿಲ್ಲುವುದಿಲ್ಲ. ಈಗ ಜವಳಕ್ಕೆ ಬಾ ಅಂತ ನಿನ್ನನ್ನು ಯಾವ ಬಾಯಿಂದ ಕರೆಯಲಿ? ಬರುವುದು ಬಿಡುವುದು ನಿನಗೇ ಬಿಟ್ಟಿದ್ದೇನೆ.

ಯಂತ್ರ ಹತ್ತುವಾಗ ಹುಷಾರು. ಗಾಳಿ ಜೋರಿದ್ದ ದಿನ ಹತ್ತಬೇಡ. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ, ನಿಮ್ಮ ಮನೆಯಲ್ಲೂ ಬೇಗ ಒಂದು ತೊಟ್ಟಿಲು ತೂಗಲಿ. ವನಜಾಕ್ಷಿಯನ್ನು ಬೈದರೆ ನನ್ನ ಮೇಲಾಣೆ.

ಇಂತಿ ನಿನ್ನ ಅಕ್ಕ,
ವಾಣಿ

ತಾ.ಕ.: ಕಾಗದ ಮಡಿಚಿ ಅಂಟಿಸಲು ಹೋದವಳು ಮತ್ತೆ ಬಿಚ್ಚಿದೆ. ಚನ್ನು ಊಟ ಮಾಡುತ್ತಾನೆ, ಟಿವಿ ಮುಂದೆ ಕೂರುತ್ತಾನೆ ಅಂತ ಮೇಲೆ ಬರೆದೆನಲ್ಲ, ಅದು ನಿಜ. ಮಾತಾಡುತ್ತಾನೆ ಅಂತ ಬರೆಯಲಿಲ್ಲ. ಆವತ್ತು ಆ ಕಿರುಚಾಟ ನಿಂತ ಮೇಲೆ ಅವನು ಮಾತಾಡಿಲ್ಲ ಪ್ರವೀಣ. ಅವ್ವ ಅಂತಲೂ ಅಂದಿಲ್ಲ. ಗಂಟಲಿಗೆ ಏನೂ ಆಗಿಲ್ಲ, ಭಯ, ತಾನೇ ಸರಿಹೋಗುತ್ತದೆ ಅನ್ನುತ್ತಾರೆ ಡಾಕ್ಟರು.

ಒಂದೇ ಒಂದು ಸಲ ಬಾಯಿ ಬಿಟ್ಟ. ಆಸ್ಪತ್ರೆಯಲ್ಲಿ ಪಟ್ಟಿ ಬದಲಿಸುವಾಗ, ಉಳಿದ ಕೂದಲನ್ನೂ ಸಮ ಮಾಡಿಬಿಡೋಣ ಅಂತ ನರ್ಸಮ್ಮ ಮಷೀನ್ ತಂದರು. ಅವನು ಎರಡೂ ಕೈಯಿಂದ ಹಣೆಯ ಮೇಲಿನ ಜುಟ್ಟು ಮುಚ್ಚಿಕೊಂಡ. “ಇಷ್ಟು ಬಿಡ್ರಿ” ಅಂದ. “ಇದು ಫ್ಯಾನ್ ಮಾವಂದು.”

ಬಿಟ್ಟಿದ್ದಾರೆ. ಒಂದು ಹಿಡಿಯಷ್ಟಿದೆ. ಅದರ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಾನೆ.